ಮರ್ಯಾದೆ ಅಂದರೆ ಎಲ್ಲೆ: ಊರಿನ ‘ಏನ್ಲಾ’, ಪೇಟೆಯ ‘ನೀವು’

‘ಹಳ್ಳಿಯವರದು ಒರಟು ಮಾತು, ಆದರೆ ಮನಸ್ಸು ನೇರ. ಪೇಟೆಯವರದು ನಯದ ಮಾತು, ಒಳಗೆ ಕಪಟ.’ ಈ ಹೇಳಿಕೆಯನ್ನು ನಾವು ಎಷ್ಟು ಸಲ ಕೇಳಿದ್ದೇವೆ ಅಂದರೆ ಅದು ನಿಜವೋ ಸುಳ್ಳೋ ಎಂದು ಪರೀಕ್ಷಿಸುವ ಗೋಜಿಗೇ ಹೋಗುವುದಿಲ್ಲ. ಹಳ್ಳಿಯಿಂದ ಬಂದು ಪೇಟೆಯಲ್ಲಿ ನೆಲೆಸಿದ ಲೇಖಕರು ಇದನ್ನು ಹಂಬಲದಿಂದ ಬರೆದರು. ಸಿನಿಮಾದವರು ಇದರಿಂದ ದುಡ್ಡು ಮಾಡಿದರು. ವಿಮರ್ಶಕರು ಇದಕ್ಕೆ ‘ಗ್ರಾಮೀಣ ಸಂವೇದನೆ’ ಎಂದು ಹೆಸರಿಟ್ಟರು. ಆದರೆ ಹಳ್ಳಿಯ ಆ ನೇರ ಮಾತು ಯಾರ ಬಾಯಿಂದ ಹೊರಟು ಯಾರ ಮೈಮೇಲೆ ಬೀಳುತ್ತಿತ್ತು ಎಂದು ಕೇಳಿದವರು ಕಡಿಮೆ.

ನಾನು ಹಳೇ ಮೈಸೂರು ಸೀಮೆಯ ಒಂದು ಹಳ್ಳಿಯ ಕೇರಿಯಲ್ಲಿ ಹುಟ್ಟಿ ಬೆಳೆದವನು. ಓದಿಗೆಂದು ಮೈಸೂರಿಗೆ, ನೌಕರಿಗೆಂದು ಬೆಂಗಳೂರಿಗೆ ಬಂದವನು. ಎರಡೂ ಕಡೆಯ ಮಾತಿನ ರುಚಿ ನನಗೆ ಗೊತ್ತು. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಇಷ್ಟು: ನೇರ ಮಾತು, ನಯದ ಮಾತು ಎರಡೂ ಸ್ವಭಾವದ ಸಂಗತಿಗಳಲ್ಲ. ಯಾರು ಯಾರೊಂದಿಗೆ ನೇರವಾಗಿ ಮಾತಾಡಬಹುದು ಎಂಬುದು ಭೂಮಿ, ಬಾವಿಗಳ ಹಾಗೆ ಹಂಚಿಕೆಯಾದ ಹಕ್ಕು. ಊರಲ್ಲಿ ಈ ಹಂಚಿಕೆ ಬಹಿರಂಗವಾಗಿತ್ತು, ಪೇಟೆಯಲ್ಲಿ ಅದು ನಯದೊಳಗೆ ಅವಿತುಕೊಂಡಿದೆ. ದಲಿತ ವಿಮರ್ಶೆ ಇದನ್ನು ಬಿಡಿಸಿ ನೋಡದಿದ್ದರೆ, ನಮ್ಮ ಬರವಣಿಗೆಯನ್ನು ಅಳೆಯುವ ಸೇರು ಬಳ್ಳಗಳೂ ಅದೇ ಹಂಚಿಕೆಯಿಂದ ಬಂದವು ಎಂಬುದು ನಮಗೆ ಹೊಳೆಯುವುದೇ ಇಲ್ಲ.

1

ಮೊದಲು ಪದದಿಂದಲೇ ಶುರು ಮಾಡೋಣ. ‘ಮರ್ಯಾದೆ’ ಎಂಬ ಸಂಸ್ಕೃತ ಮೂಲದ ಪದಕ್ಕೆ ಎಲ್ಲೆ, ಮೇರೆ, ಗಡಿ ಎಂಬ ಅರ್ಥಗಳಿವೆ. ಗೌರವ ಎಂಬ ಅರ್ಥ ಅದಕ್ಕೆ ಅಂಟಿಕೊಂಡು ಬಂದದ್ದು. ಎಲ್ಲೆ ಮೀರದೆ ಇರುವುದೇ ಮರ್ಯಾದೆ. ‘ಮರ್ಯಾದೆ ಇಲ್ಲದವನು’ ಎಂದು ಬೈದಾಗ ಅದರ ತಿರುಳು ‘ನಿನ್ನ ಜಾಗ ನಿನಗೆ ಗೊತ್ತಿಲ್ಲ’ ಎಂಬುದೇ. ಈ ಪದವನ್ನು ಸವರ್ಣೀಯರು ಒಂದು ಬಗೆಯಲ್ಲಿ, ನಾವು ಇನ್ನೊಂದು ಬಗೆಯಲ್ಲಿ ಕೇಳಿಸಿಕೊಳ್ಳುವುದಕ್ಕೆ ಕಾರಣ ಅದರ ಬೇರಿನಲ್ಲೇ ಇದೆ.

ಇನ್ನು ಕನ್ನಡದ ವ್ಯಾಕರಣ. ಇಂಗ್ಲಿಷಿನವನು ಎದುರಿಗಿರುವ ಯಾರನ್ನಾದರೂ ಒಂದೇ ‘ಯು’ ಎಂಬ ಪದದಲ್ಲಿ ಕರೆದು ಪಾರಾಗಬಹುದು. ಕನ್ನಡದವನಿಗೆ ಆ ಸೌಕರ್ಯ ಇಲ್ಲ. ನೀನು, ನೀವು, ತಾವು ಎಂದು ಮೂರು ಮೆಟ್ಟಿಲು. ಎದುರಿಗಿಲ್ಲದವರಿಗೂ ಅವನು, ಆತ, ಅವರು ಎಂದು ಮೂರು. ಕ್ರಿಯಾಪದವೂ ಹಾಗೆಯೇ: ಬಾರ್ಲಾ, ಬಾರೋ, ಬಾ, ಬಾಪ್ಪ, ಬನ್ನಿ, ತಾವು ಬರಬೇಕು. ಎದುರಿನವನು ನನಗಿಂತ ಮೇಲೋ ಕೆಳಗೋ ಎಂದು ತೀರ್ಮಾನಿಸದೆ ಒಂದು ಲೋಟ ನೀರು ಕೇಳುವುದಕ್ಕೂ ಕನ್ನಡದಲ್ಲಿ ಆಗುವುದಿಲ್ಲ. ‘ಅಯ್ಯ’ ಮತ್ತು ‘ಎಲವೋ’ ಎಂಬ ಎರಡು ಕರೆಗಳ ನಡುವಿನ ದೂರವನ್ನು ಹನ್ನೆರಡನೇ ಶತಮಾನದಲ್ಲೇ ಬಸವಣ್ಣನವರು ಸ್ವರ್ಗ ನರಕಗಳ ದೂರವಾಗಿ ಕಂಡದ್ದು ಸುಮ್ಮನೆ ಅಲ್ಲ.

ಈ ಮೆಟ್ಟಿಲುಗಳನ್ನು ಹತ್ತಿ ಇಳಿಯುವುದಕ್ಕೆ ಊರಲ್ಲಿ ಎರಡು ನಿಯಮಗಳಿದ್ದವು. ಒಂದು ವಯಸ್ಸಿನದು, ನಂಟಿನದು. ಹಿರಿಯರನ್ನು ಅಣ್ಣ, ಅಕ್ಕ, ಮಾವ, ದೊಡ್ಡಪ್ಪ, ಅಜ್ಜಿ ಎಂದು ಕರೆಯಬೇಕು. ರಕ್ತಸಂಬಂಧ ಇರಲೇಬೇಕೆಂದೇನೂ ಇಲ್ಲ, ವಯಸ್ಸೇ ಸಂಬಂಧವನ್ನು ಹುಟ್ಟಿಸುತ್ತದೆ. ಕನ್ನಡದ ಬಹಳ ಚೆಲುವಾದ ನಿಯಮ ಇದು. ಎರಡನೆಯದು ಜಾತಿಯ ನಿಯಮ. ಕೇರಿಯ ಎಲ್ಲೆಗೆ ಬಂದಕೂಡಲೇ ಮೊದಲನೆಯ ನಿಯಮ ರದ್ದಾಗುತ್ತದೆ. ಎಪ್ಪತ್ತು ದಾಟಿದ ನಮ್ಮ ತಾತನನ್ನು ಊರೊಳಗಿನ ಎಂಟು ವರ್ಷದ ಹುಡುಗ ‘ಏ ಸಿದ್ದ’ ಎಂದು ಕರೆಯುತ್ತಿದ್ದ. ತಾತ ಆ ಹುಡುಗನನ್ನು ‘ಚಿಕ್ಕಬುದ್ದಿ’ ಅನ್ನುತ್ತಿದ್ದ. ಆ ಹುಡುಗ ತನ್ನ ಮನೆಯಲ್ಲಿ ಹಿರಿಯರ ಮುಂದೆ ತಲೆ ಎತ್ತಿ ಮಾತಾಡುವವನಲ್ಲ. ಅವನಿಗೆ ಮರ್ಯಾದೆ ಕಲಿಸಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಚೆನ್ನಾಗಿ ಕಲಿಸಿದ್ದರು. ಅದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನೂ ಸೇರಿಸಿಯೇ ಕಲಿಸಿದ್ದರು.

ಹೆಸರಿನ ವಿಷಯವೂ ಅಷ್ಟೇ. ಸಿದ್ದಯ್ಯ, ಮಾದಯ್ಯ, ನಿಂಗಯ್ಯ ಎಂದು ನಮ್ಮವರು ಮಕ್ಕಳಿಗೆ ಹೆಸರಿಟ್ಟರೆ ಊರಿನ ನಾಲಿಗೆ ಆ ‘ಅಯ್ಯ’ನನ್ನು ಕತ್ತರಿಸಿ ಸಿದ್ದ, ಮಾದ, ನಿಂಗ ಎಂದು ಮಾಡಿ ವಾಪಸು ಕೊಡುತ್ತಿತ್ತು. ಶಾಲೆಯ ದಾಖಲಾತಿ ಪುಸ್ತಕಕ್ಕೂ ಎಷ್ಟೋ ಹೆಸರುಗಳು ಹಾಗೆಯೇ ಏರಿದವು. ನಮ್ಮ ತಲೆಮಾರಿನಲ್ಲಿ ಹಲವರು ದೊಡ್ಡವರಾದ ಮೇಲೆ ಅಫಿಡವಿಟ್ ಮಾಡಿಸಿ ‘ಅಯ್ಯ’ನನ್ನು ಮರಳಿ ಪಡೆದುಕೊಂಡರು. ಎರಡಕ್ಷರಕ್ಕಾಗಿ ಕೋರ್ಟಿನ ಮುಂದೆ ಸ್ಟ್ಯಾಂಪ್ ಪೇಪರ್ ಹಿಡಿದು ನಿಲ್ಲುವುದು ಏನು ಎಂಬುದು ಹುಟ್ಟಿನಿಂದಲೇ ಆ ಅಕ್ಷರಗಳು ಸಿಕ್ಕವರಿಗೆ ಅರ್ಥವಾಗುವುದು ಕಷ್ಟ.

2

ಈಗ ‘ಹಳ್ಳಿಯವರು ನೇರ’ ಎಂಬ ಮಾತಿಗೆ ಬರೋಣ. ಯಾವ ಹಳ್ಳಿಯವರು?

ಒಂದು ಉದಾಹರಣೆ ನೋಡಿ. ನಾಲ್ಕು ದಿನ ಗದ್ದೆ ಕೆಲಸ ಮಾಡಿದವನು ಕೂಲಿ ಕೇಳಲು ಹೋಗಿದ್ದಾನೆ. ‘ನನ್ನ ಕೂಲಿ ಕೊಡಿ’ ಎಂಬುದು ನೇರ ಮಾತು. ಆದರೆ ಅವನು ಆಡುವುದು ಹೀಗೆ: ‘ಬುದ್ದೀ, ಮೊನ್ನೆ ಒಂದ್ ನಾಕ್ ದಿನ ಬಂದಿದ್ನಲ್ಲಾ... ಬುದ್ದಿಯೋರು ಒಸಿ ಮನಸ್ ಮಾಡ್ಬೇಕು... ಮನೇಲಿ ಮಕ್ಳು ಉಪಾಸ...’ ಇದರಲ್ಲಿ ಕೂಲಿ ಎಂಬ ಪದವೇ ಇಲ್ಲ. ತನ್ನ ಬೆವರಿನ ದುಡ್ಡನ್ನು ಅವನು ದಾನದ ಭಾಷೆಯಲ್ಲಿ ಕೇಳುತ್ತಿದ್ದಾನೆ. ಎದುರಿನ ಉತ್ತರ ಮಾತ್ರ ಬಹಳ ನೇರ: ‘ಓಗ್ಲಾ, ನಾಳೀಕೆ ಬಾ.’

ಒಂದೇ ಊರು, ಒಂದೇ ಜಗುಲಿ. ಒಬ್ಬನದು ಕನ್ನಡದ ಅತ್ಯಂತ ಸುತ್ತುಬಳಸಿನ ವಾಕ್ಯ, ಇನ್ನೊಬ್ಬನದು ಅತ್ಯಂತ ನೇರ ವಾಕ್ಯ. ‘ಹಳ್ಳಿಯ ಭಾಷೆ ನೇರ’ ಎಂದು ಬರೆದವರು ಜಗುಲಿಯ ಮೇಲಿನ ಮಾತನ್ನಷ್ಟೇ ಕೇಳಿಸಿಕೊಂಡಿದ್ದರು. ಜಗುಲಿಯ ಕೆಳಗೆ ನಿಂತವನ ಮಾತಿನಲ್ಲಿದ್ದ ನಾಜೂಕು, ಎಚ್ಚರ, ಲೆಕ್ಕಾಚಾರ ಅವರಿಗೆ ಭಾಷೆಯೆನಿಸದೆ ‘ಮುಗ್ಧತೆ’ಯಾಗಿ ಕಂಡಿತು. ಯಾವ ರಾಯಭಾರಿಗೂ ಕಡಿಮೆ ಇಲ್ಲದ ಮಾತುಗಾರಿಕೆಯನ್ನು ನಮ್ಮ ಜನ ಹಸಿವಿನ ಒತ್ತಾಯದಲ್ಲಿ ಕಲಿತಿದ್ದರು.

ಹಳೇ ಮೈಸೂರಿನ ‘ಬುದ್ದಿ’, ಉತ್ತರದ ಕಡೆಯ ‘ಧಣಿ’, ‘ಸಾವ್ಕಾರ’, ಕರಾವಳಿಯ ‘ಒಡೆಯರು’, ಹೀಗೆ ಕರೆಗಳು ಸೀಮೆಯಿಂದ ಸೀಮೆಗೆ ಬೇರೆ. ಕೆಲಸ ಒಂದೇ. ಜೊತೆಗೆ ಈ ಮರ್ಯಾದೆ ಬರೀ ನಾಲಿಗೆಯದಲ್ಲ. ಎತ್ತಿ ಕಟ್ಟಿದ ಪಂಚೆ ಇಳಿಸಬೇಕು. ಹೆಗಲ ಮೇಲಿನ ಟವಲ್ಲು ಕಂಕುಳಿಗೆ ಬರಬೇಕು. ಮೆಟ್ಟು ಕೈಗೆ ಬರಬೇಕು. ಸೈಕಲ್ಲಿನಲ್ಲಿದ್ದರೆ ಇಳಿದು ತಳ್ಳಿಕೊಂಡು ಹೋಗಬೇಕು. ಬೀಡಿ ಬೆನ್ನ ಹಿಂದೆ ಹೋಗಬೇಕು. ಮೈಯಿಡೀ ಒಂದು ವ್ಯಾಕರಣಕ್ಕೆ ಒಗ್ಗಿಕೊಂಡಿತ್ತು.

ಊರಿನಲ್ಲಿ ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಮಾತಾಡುತ್ತಿದ್ದವನು ತಮಟೆ ಬಡಿದು ಸಾರುವ ನಮ್ಮ ತೋಟಿಯೇ. ಬೀದಿ ಬೀದಿಯಲ್ಲಿ ನಿಂತು ಕೂಗಿ ಹೇಳುವ ಅಧಿಕಾರ ಅವನಿಗಿತ್ತು. ಆದರೆ ಕೂಗಿ ಹೇಳುತ್ತಿದ್ದದ್ದು ಊರಿನ ಯಜಮಾನರ ಮಾತನ್ನು. ಸಾರಿ ಮುಗಿಸಿ ತನ್ನ ಸ್ವಂತ ಮಾತು ಆಡಬೇಕಾದರೆ ಮತ್ತೆ ಕೈಕಟ್ಟಿ, ತಗ್ಗಿದ ದನಿಯಲ್ಲಿ. ದನಿ ಇರುವುದು ಬೇರೆ, ಮಾತಿನ ಹಕ್ಕು ಇರುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

3

ಹಾಗಾದರೆ ಕೇರಿಯೊಳಗೆ ನೇರ ಮಾತು ಇರಲಿಲ್ಲವೇ? ಇತ್ತು. ಅದರ ಬಗೆ ಬೇರೆ.

ಕೇರಿಯಲ್ಲಿ ‘ನೀನು’ ಎಂಬುದು ಕೀಳು ಮಾಡುವ ಪದವಲ್ಲ. ಅವ್ವನನ್ನು ‘ನೀನು’ ಅನ್ನುತ್ತೇವೆ. ಮಾದಪ್ಪನನ್ನು, ಮಂಟೇಸ್ವಾಮಿಯನ್ನು, ಮಾರಮ್ಮನನ್ನು ‘ನೀನು’ ಅನ್ನುತ್ತೇವೆ. ಮಳೆ ಬರದಿದ್ದರೆ ದೇವರನ್ನೇ ಬೈಯುತ್ತೇವೆ. ಒಂದು ಜಗಳದಲ್ಲಿ ಮೂರು ತಲೆಮಾರಿನ ಹುಳುಕು ಹೊರಗೆ ಬರುತ್ತದೆ, ಮಾರನೇ ದಿನ ಅದೇ ಮನೆಗೆ ಬೆಂಕಿ ಕೇಳಲು ಹೋಗುತ್ತೇವೆ. ಅಲ್ಲಿ ಏಕವಚನ ಎರಡೂ ಕಡೆಯಿಂದ ಓಡಾಡುತ್ತದೆ. ನಾನು ನಿನಗೆ ‘ನೀನು’ ಅಂದರೆ ನೀನೂ ನನಗೆ ‘ನೀನು’ ಅನ್ನಬಹುದು. ಊರಿನ ಏಕವಚನಕ್ಕೂ ಕೇರಿಯ ಏಕವಚನಕ್ಕೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಇದೇ ಎಲ್ಲಾ. ಪದ ಒಂದೇ, ವಾಪಸು ಬರುವ ದಾರಿ ಇದೆಯೋ ಇಲ್ಲವೋ ಎಂಬುದು ಮುಖ್ಯ.

ಕೇರಿಯಲ್ಲಿ ಯಾರೂ ಥ್ಯಾಂಕ್ಸ್ ಹೇಳುತ್ತಿರಲಿಲ್ಲ. ಇದನ್ನೂ ಒರಟುತನ ಅಂತಾರೆ. ನೆರೆಮನೆಯಿಂದ ಒಂದು ಸೇರು ರಾಗಿ ಬಂದರೆ ಅದಕ್ಕೆ ಮಾತಿನಲ್ಲಿ ಬೆಲೆ ಕಟ್ಟುವ ಹಾಗಿಲ್ಲ. ಅವರ ಮನೆಯಲ್ಲಿ ಹೆರಿಗೆಯೋ ಸಾವೋ ಆದಾಗ ನೀನು ಮೊದಲು ಓಡಬೇಕು. ಪೇಟೆಯ ‘ಥ್ಯಾಂಕ್ಸ್’ ಲೆಕ್ಕ ಚುಕ್ತಾ ಮಾಡುತ್ತದೆ, ಇಬ್ಬರೂ ಬಿಡುಗಡೆಯಾಗುತ್ತಾರೆ. ಕೇರಿಯಲ್ಲಿ ಲೆಕ್ಕ ತೆರೆದೇ ಇರಬೇಕು, ಅದೇ ಸಂಬಂಧ. ಆಡುಮಾತಿನಲ್ಲಿ ಥ್ಯಾಂಕ್ಸ್, ಸಾರಿ, ಪ್ಲೀಸ್‌ಗಳಿಗೆ ಇವತ್ತಿಗೂ ನಮ್ಮ ಜನರ ಬಾಯಲ್ಲಿ ಕನ್ನಡ ಪದಗಳಿಲ್ಲ. ‘ಧನ್ಯವಾದ’, ‘ದಯವಿಟ್ಟು’ ಇರುವುದು ಭಾಷಣದಲ್ಲಿ, ಬೋರ್ಡುಗಳಲ್ಲಿ. ಪದ ಇಲ್ಲ ಎಂದಮಾತ್ರಕ್ಕೆ ಆ ಭಾವವೇ ಇಲ್ಲ ಎಂದು ತೀರ್ಮಾನಿಸುವುದು ಪೇಟೆಯ ಅಜ್ಞಾನ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು. ಕೇರಿಯನ್ನು ಸ್ವರ್ಗ ಮಾಡುವುದು ಬೇಡ. ಕೇರಿಯೊಳಗೂ ಹೆಂಡತಿಗೆ ಗಂಡನ ಹೆಸರು ಹೇಳುವ ಹಕ್ಕಿರಲಿಲ್ಲ, ಗಂಡನಿಗೆ ಅವಳನ್ನು ಏನು ಬೇಕಾದರೂ ಕರೆಯುವ ಹಕ್ಕಿತ್ತು. ಹೊಲಗೇರಿಗೂ ಮಾದಿಗರ ಕೇರಿಗೂ ನಡುವೆ ಬೇರೆಯೇ ಎಲ್ಲೆಗಳಿದ್ದವು, ಇವೆ. ವಾಪಸು ಬರುವ ದಾರಿ ಅಲ್ಲೂ ಎಲ್ಲರಿಗೂ ತೆರೆದಿರಲಿಲ್ಲ.

4

ಪೇಟೆಗೆ ಬಂದ ದಲಿತನಿಗೆ ಮೊದಲು ಸಿಗುವುದು ‘ನೀವು’. ಬಸ್ಸಿನ ಕಂಡಕ್ಟರು, ಹೋಟೆಲಿನ ಮಾಣಿ, ಬ್ಯಾಂಕಿನ ಗುಮಾಸ್ತೆ ಎಲ್ಲರೂ ‘ನೀವು’, ‘ಸಾರ್’, ‘ಬನ್ನಿ’ ಅನ್ನುತ್ತಾರೆ. ಇದನ್ನು ಕಪಟ ಎಂದು ಹೀಗಳೆಯುವವರ ಜೊತೆ ನಾನಿಲ್ಲ. ನಮ್ಮಪ್ಪ ಮೊದಲ ಸಲ ಮೈಸೂರಿನ ಹೋಟೆಲೊಂದರಲ್ಲಿ ಬೆಂಚಿನ ಮೇಲೆ ಕೂತು, ಎಲ್ಲರ ಲೋಟದಲ್ಲೇ ಕಾಫಿ ಕುಡಿದು, ‘ಏನ್ ಕೊಡ್ಲಿ ಯಜಮಾನ್ರೇ’ ಅನ್ನಿಸಿಕೊಂಡಾಗ ಅದು ಅವನಿಗೆ ಸಣ್ಣ ಸಂಗತಿಯಾಗಿರಲಿಲ್ಲ. ಗುರುತಿಲ್ಲದವರ ನಡುವೆ ಸಿಗುವ ಮರ್ಯಾದೆ ತೆಳುವಾಗಿರಬಹುದು, ಆದರೆ ಅದಕ್ಕೆ ಜಾತಿ ಗೊತ್ತಿರುವುದಿಲ್ಲ. ಅಂಬೇಡ್ಕರ್ ಅವರು ಹಳ್ಳಿಯನ್ನು ವೈಭವೀಕರಿಸುವವರನ್ನು 1948ರಲ್ಲಿ ಸಂವಿಧಾನ ಸಭೆಯಲ್ಲೇ ಕಟುವಾಗಿ ವಿರೋಧಿಸಿದ್ದರ ಹಿಂದೆ ಇದೂ ಇತ್ತು.

ಸಮಸ್ಯೆ ಶುರುವಾಗುವುದು ಗುರುತು ಬೇಕಾದಾಗ. ಕಾಫಿ ಕುಡಿಯಲು ಗುರುತು ಬೇಡ, ಮನೆ ಬಾಡಿಗೆಗೆ ಬೇಕು. ಬೆಂಗಳೂರಿನಲ್ಲಿ ಮನೆ ಹುಡುಕಿದ ನಮ್ಮವರೆಲ್ಲರಿಗೂ ಈ ಪ್ರಶ್ನೆಗಳ ಸರಣಿ ಗೊತ್ತು. ‘ಯಾವ ಕಡೆಯವರು ತಾವು?’ ‘ಊರಲ್ಲಿ ಜಮೀನಿದೆಯೇ?’ ‘ಮನೆದೇವರು ಯಾವುದು?’ ‘ನಾನ್‌ವೆಜ್ ಮಾಡ್ತೀರಾ?’ ‘ನಿಮ್ಮ ಪೂರ್ತಿ ಹೆಸರು?’ ಪ್ರತಿಯೊಂದೂ ವಿನಯದ ಪ್ರಶ್ನೆ. ಒಂದರಲ್ಲೂ ಜಾತಿ ಎಂಬ ಪದ ಇಲ್ಲ. ನಾಲ್ಕನೇ ಪ್ರಶ್ನೆಯ ಹೊತ್ತಿಗೆ ಕೇಳುವವರಿಗೆ ಉತ್ತರ ಸಿಕ್ಕಿರುತ್ತದೆ. ಆಮೇಲಿನ ಮಾತು ಇನ್ನೂ ವಿನಯದ್ದು: ‘ನಮಗೇನೂ ಇಲ್ಲಪ್ಪ, ನಾವು ಅದನ್ನೆಲ್ಲ ನೋಡಲ್ಲ. ಮನೇಲಿ ವಯಸ್ಸಾದ ತಾಯಿ ಇದಾರೆ, ಮಡಿ ಗಿಡಿ ಅಂತಾರೆ...’

ಈ ‘ಮನೇಲಿ ಒಪ್ಪಲ್ಲ’ ಎಂಬ ಮಾತಿನ ಚರಿತ್ರೆಯನ್ನು ಯಾರಾದರೂ ಬರೆಯಬೇಕು. 1917ರಲ್ಲಿ ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ ಬಂದ ಅಂಬೇಡ್ಕರ್ ಬರೋಡಾ ಸಂಸ್ಥಾನದ ನೌಕರಿಗೆ ಹೋದಾಗ ಅವರಿಗೆ ಉಳಿಯಲು ಜಾಗ ಸಿಗಲಿಲ್ಲ. ಪಾರ್ಸಿ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರಿನಲ್ಲಿ ಇದ್ದರು. ಗುರುತು ಬಯಲಾದಾಗ ಕೋಲು ಹಿಡಿದ ಗುಂಪೊಂದು ಬಂದು ಅವರನ್ನು ಹೊರಹೋಗುವಂತೆ ಹೇಳಿತು. ಅಂದೇ ಅವರು ಇಬ್ಬರು ಸ್ನೇಹಿತರ ಆಸರೆ ಕೇಳಿದರು. ಹಿಂದೂ ಸ್ನೇಹಿತ, ನೀವು ಬಂದರೆ ನನ್ನ ಮನೆಯ ಆಳುಗಳು ಬಿಟ್ಟುಹೋಗುತ್ತಾರೆ ಎಂದ. ಕ್ರೈಸ್ತ ಸ್ನೇಹಿತ, ಹೆಂಡತಿ ಊರಿಂದ ಬರುತ್ತಿದ್ದಾಳೆ, ಅವಳನ್ನು ಕೇಳಿ ಹೇಳುತ್ತೇನೆ ಎಂದ. ‘ವೇಟಿಂಗ್ ಫಾರ್ ಎ ವೀಸಾ’ ಎಂಬ ತಮ್ಮ ಬರಹದಲ್ಲಿ ಅಂಬೇಡ್ಕರ್ ಇದನ್ನು ದಾಖಲಿಸಿದ್ದಾರೆ. ಒಂದೇ ದಿನದಲ್ಲಿ ಎರಡು ಭಾಷೆ: ಕೋಲಿನ ನೇರ ಭಾಷೆ, ಸ್ನೇಹದ ನಯದ ಭಾಷೆ. ಎರಡರ ಅರ್ಥವೂ ಒಂದೇ ಆಗಿತ್ತು. ಸಂಜೆಯವರೆಗೆ ಅವರು ಸಾರ್ವಜನಿಕ ಉದ್ಯಾನದಲ್ಲಿ ಕೂತು, ರಾತ್ರಿ ಬೊಂಬಾಯಿಯ ರೈಲು ಹತ್ತಿದರು.

ಇದರ ಪಕ್ಕದಲ್ಲಿ ಶಿವರಾಮ ಕಾರಂತರ ‘ಚೋಮನ ದುಡಿ’ (1933) ಇಟ್ಟು ಓದಿ. ಬೇಸಾಯಕ್ಕೆ ಒಂದು ತುಂಡು ಭೂಮಿ ಬೇಕೆಂಬ ಚೋಮನ ಆಸೆಗೆ ಧಣಿ ಸಂಕಪ್ಪಯ್ಯನ ಮನಸ್ಸು ಕರಗುವಂತೆ ಕಂಡರೂ ಅಡ್ಡ ಬರುವುದು ಅವನ ತಾಯಿ. ಇಲ್ಲ ಎಂಬ ಮಾತನ್ನು ಮನೆಯ ಹೆಂಗಸಿನ ತಲೆಗೆ ಕಟ್ಟಿ ಗಂಡಸು ಉದಾರಿಯಾಗಿ ಉಳಿಯುವ ತಂತ್ರ ಇಂದಿನ ಬಾಡಿಗೆ ಮನೆಯ ಬಾಗಿಲಲ್ಲೂ ಜೀವಂತವಾಗಿದೆ. ಈ ಕಾದಂಬರಿಯನ್ನು ಸಂಕಪ್ಪಯ್ಯನ ಮಾನವೀಯತೆಗಾಗಿ ಮೆಚ್ಚಿಕೊಂಡರೆ ಈ ತಂತ್ರ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಕಚೇರಿಗಳ ಕನ್ನಡಕ್ಕೆ ಇನ್ನೊಂದು ಸೌಕರ್ಯ ಇದೆ: ಕರ್ತೃವೇ ಇಲ್ಲದ ವಾಕ್ಯ. ‘ತಮ್ಮ ಅರ್ಜಿಯನ್ನು ಪರಿಶೀಲಿಸಲಾಗಿದೆ.’ ‘ಪರಿಗಣಿಸಲು ಸಾಧ್ಯವಾಗಿರುವುದಿಲ್ಲ.’ ಪರಿಶೀಲಿಸಿದವರು ಯಾರು? ಯಾರಿಗೆ ಸಾಧ್ಯವಾಗಲಿಲ್ಲ? ವಾಕ್ಯದಲ್ಲಿ ಯಾರೂ ಇಲ್ಲ. ಊರಿನ ‘ಓಗ್ಲಾ’ಗೆ ಒಬ್ಬ ಯಜಮಾನ ಇದ್ದ, ಅವನ ಮೇಲೆ ಸಿಟ್ಟು ಮಾಡಬಹುದಿತ್ತು. ‘-ಲಾಗಿದೆ’ ಎಂಬುದರ ಮೇಲೆ ಯಾರು ಹೇಗೆ ಸಿಟ್ಟು ಮಾಡಿಕೊಳ್ಳುವುದು?

ಇದೆಲ್ಲ ನಮ್ಮ ಅತಿ ಸೂಕ್ಷ್ಮತೆ, ಇಲ್ಲದ್ದನ್ನು ಕಲ್ಪಿಸಿಕೊಳ್ಳುತ್ತೀರಿ ಅನ್ನುವವರಿಗಾಗಿ ಮೂರು ಸಂಗತಿ. ಸುಖದೇವ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ಬಗೆಯ ವಿದ್ಯಾರ್ಹತೆಯ 4,000ಕ್ಕೂ ಹೆಚ್ಚು ಅರ್ಜಿಗಳನ್ನು ಬೇರೆ ಬೇರೆ ಹೆಸರುಗಳಲ್ಲಿ ಖಾಸಗಿ ಕಂಪನಿಗಳಿಗೆ ಕಳಿಸಲಾಯಿತು. ದಲಿತ ಹೆಸರಿನ ಅರ್ಜಿಗಳಿಗೆ ಕರೆ ಬಂದದ್ದು ಕಡಿಮೆ. ಅದೇ ವರ್ಷ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ದೊಡ್ಡ ಕಂಪನಿಗಳಲ್ಲಿ ನೇಮಕಾತಿ ಮಾಡುವವರನ್ನು ಮಾತಾಡಿಸಿದರು. ನಮಗೆ ಪ್ರತಿಭೆಯೊಂದೇ ಮುಖ್ಯ ಅನ್ನುತ್ತಿದ್ದ ಅವರು ಅಭ್ಯರ್ಥಿಗಳ ‘ಕುಟುಂಬದ ಹಿನ್ನೆಲೆ’ ಕೇಳುವುದನ್ನು ಸಹಜವೆಂದೇ ಭಾವಿಸಿದ್ದರು. 2015ರಲ್ಲಿ ಥೋರಟ್ ಮತ್ತು ಅವರ ಸಂಗಡಿಗರು ದೆಹಲಿ ಸುತ್ತಿನ ಬಾಡಿಗೆ ಮನೆಗಳ ಬಗ್ಗೆ ಮಾಡಿದ ಅಧ್ಯಯನದಲ್ಲಿ ದಲಿತರಿಗೂ ಮುಸ್ಲಿಮರಿಗೂ ಮನೆ ನಿರಾಕರಿಸುವುದು, ಇಲ್ಲವೇ ಹೆಚ್ಚಿನ ಷರತ್ತು ಹಾಕುವುದು ಕಂಡುಬಂತು. ಇವು ಪೇಟೆಯ ಸಂಗತಿಗಳು. ಎಲ್ಲೂ ಒಂದು ಬೈಗುಳ ಇಲ್ಲ.

ಹಾಗೆಂದು ಪೇಟೆಯಲ್ಲಿ ಎಲ್ಲ ದಲಿತರಿಗೂ ‘ನೀವು’ ಸಿಗುತ್ತದೆ ಅಂದುಕೊಳ್ಳಬೇಡಿ. ಬೀದಿ ಗುಡಿಸುವವರಿಗೆ ಸರ್ಕಾರ ‘ಪೌರಕಾರ್ಮಿಕ’ ಎಂಬ ಘನವಾದ ಹೆಸರು ಕೊಟ್ಟಿದೆ. ಮನೆ ಬಾಗಿಲಲ್ಲಿ ಅವರು ಇನ್ನೂ ‘ಕಸದೋಳು’, ‘ಕಸದೋನು’. ನೀರು ಕೇಳಿದರೆ ಲೋಟ ಹುಡುಕುವುದಕ್ಕೆ ಹೊತ್ತು ಹಿಡಿಯುತ್ತದೆ.

5

ನಯ ಮತ್ತು ಬಿರುಸುಗಳ ಈ ಕಥೆಯಲ್ಲಿ ಕಾನೂನಿನ ಪಾತ್ರ ಏನು? 1989ರ ದೌರ್ಜನ್ಯ ತಡೆ ಕಾಯ್ದೆ ಪರಿಶಿಷ್ಟ ಜಾತಿ, ಪಂಗಡದವರನ್ನು ಸಾರ್ವಜನಿಕರ ಎದುರು ಬೇಕೆಂದೇ ಅವಮಾನಿಸುವುದನ್ನು ಅಪರಾಧ ಮಾಡಿತು. 2015ರ ತಿದ್ದುಪಡಿ ಜಾತಿಯ ಹೆಸರು ಹಿಡಿದು ನಿಂದಿಸುವುದನ್ನು ಪ್ರತ್ಯೇಕವಾಗಿ ಹೆಸರಿಸಿತು. ಊರಿನ ಬಹಿರಂಗ ನಾಲಿಗೆಗೆ ಕಡಿವಾಣ ಹಾಕಿದ್ದು ಈ ಕಾಯ್ದೆ, ಮತ್ತು ಅದನ್ನು ಹಿಡಿದು ಠಾಣೆಯ ಮುಂದೆ ಕೂತ ನಮ್ಮ ಸಂಘಟನೆಗಳು. ಅದರ ಬೆಲೆಯನ್ನು ಕಡಿಮೆ ಮಾಡಬಾರದು.

ಆದರೆ ಈ ಕಾನೂನಿಗೆ ಕೇಳಿಸುವುದು ನೇರ ಮಾತು ಮಾತ್ರ. ನಾಲ್ಕು ಗೋಡೆಯೊಳಗೆ, ಹೊರಗಿನವರು ಯಾರೂ ಇಲ್ಲದಾಗ ಆಡಿದ ಮಾತು ಈ ಕಲಮಿಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಉತ್ತರಾಖಂಡದ ಪ್ರಕರಣವೊಂದರಲ್ಲಿ ಹೇಳಿತು. ‘ಮನೆದೇವರು ಯಾವುದು?’ ಎಂಬ ಪ್ರಶ್ನೆಯನ್ನು ಯಾವ ಠಾಣೆಯಲ್ಲಿ ದೂರು ಕೊಡುವುದು?

ಊರೂ ಈಗ ಇದನ್ನು ಕಲಿಯುತ್ತಿದೆ. ಮೊದಲು ಹೋಟೆಲಿನ ಹೊರಗೆ ನಮಗೆಂದೇ ಬೇರೆ ಲೋಟ ಇಟ್ಟಿರುತ್ತಿದ್ದರು. ನಮ್ಮ ಸೀಮೆಯಲ್ಲಿ ನಾನು ಕಂಡ ಕೆಲವು ಹೋಟೆಲುಗಳಲ್ಲಿ ಆ ಲೋಟ ಹೋಗಿ ಕೇರಿಯವರಿಗೆ ಪೇಪರ್ ಲೋಟ ಬಂದಿದೆ. ಕೇಳಿದರೆ ‘ಸ್ವಚ್ಛತೆ ಸಾರ್’ ಅನ್ನುತ್ತಾರೆ. ಕ್ಷೌರದ ಅಂಗಡಿಯವನು ‘ನಿನಗೆ ಮಾಡಲ್ಲ’ ಅನ್ನುವುದಿಲ್ಲ, ಬಾಗಿಲು ಎಳೆದುಕೊಂಡು ‘ಇವತ್ತು ರಜಾ’ ಅನ್ನುತ್ತಾನೆ. ಕೇರಿಯನ್ನು ಕೇರಿ ಅನ್ನದೆ ‘ಕಾಲೊನಿ’ ಅನ್ನುತ್ತಾರೆ. ‘ಅವರು ಕಾಲೊನಿಯವರು’ ಅಂದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತದೆ. ಪದ ಬದಲಾಯಿಸಿ ಎಲ್ಲೆ ಉಳಿಸಿಕೊಳ್ಳುವುದು ಹಳೆಯ ವಿದ್ಯೆ. ‘ಹರಿಜನ’ ಎಂಬ ನಯದ ಹೆಸರನ್ನು ಕಾನೂನಿಗೆ ತಂದಾಗ 1938ರಲ್ಲಿ ಅಂಬೇಡ್ಕರ್ ಮತ್ತು ಅವರ ಸಂಗಡಿಗರು ಬೊಂಬಾಯಿ ಶಾಸನಸಭೆಯಿಂದ ಎದ್ದು ಹೊರನಡೆದದ್ದು ಅದಕ್ಕೇ.

6

ಈಗ ಸಾಹಿತ್ಯಕ್ಕೆ ಬರೋಣ. ದಲಿತ ಬರಹದ ಬಗ್ಗೆ ಕನ್ನಡ ವಿಮರ್ಶೆ ಬಳಸಿಕೊಂಡು ಬಂದ ಪದಗಳನ್ನು ಒಂದು ಕಡೆ ಪಟ್ಟಿ ಮಾಡಿ ನೋಡಿ: ಆಕ್ರೋಶ, ಒರಟುತನ, ಹಸಿಹಸಿ, ಘೋಷಣೆ, ಸಂಯಮದ ಕೊರತೆ. ಹೊಗಳುವಾಗ: ಮಾಗಿದ, ಪ್ರಬುದ್ಧ, ಸಂಯಮದ, ಕಹಿಯಿಲ್ಲದ. ಇವು ನಿಜವಾಗಿ ಸಾಹಿತ್ಯದ ಮಾಪನಗಳೇ? ಜಗುಲಿಯ ಕೆಳಗೆ ನಿಂತವನಿಂದ ಊರು ಬಯಸುತ್ತಿದ್ದ ಗುಣಗಳೂ ಇವೇ ಅಲ್ಲವೇ? ‘ಕಹಿಯಿಲ್ಲದೆ ಬರೆದಿದ್ದಾರೆ’ ಎಂಬ ಮೆಚ್ಚುಗೆಯಲ್ಲಿ ‘ಮರ್ಯಾದೆಯಾಗಿ ಕೇಳಿದ್ದಾನೆ’ ಎಂಬ ಸಮಾಧಾನ ನನಗೆ ಕೇಳಿಸುತ್ತದೆ.

1973ರ ಬೂಸಾ ಪ್ರಕರಣವನ್ನು ಈ ಬೆಳಕಿನಲ್ಲಿ ಮತ್ತೆ ನೋಡಬೇಕು. ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಬೂಸಾ ಎಂಬುದು ದನ ಕಟ್ಟಿದ ಎಲ್ಲ ಮನೆಗಳಲ್ಲೂ ಇರುವ ಪದ. ಸತ್ವವಿಲ್ಲ ಎಂಬುದನ್ನು ನಮ್ಮ ಜನ ಹೇಳುವ ರೀತಿ. ಆದರೆ ಪೇಟೆಗಳಲ್ಲಿ ಗಲಭೆಯಾಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಯಾಯಿತು, ಅವರು ಮಂತ್ರಿ ಪದವಿ ಬಿಡಬೇಕಾಯಿತು. ಆ ಅಭಿಪ್ರಾಯ ಸರಿಯೋ ತಪ್ಪೋ ಎಂಬ ಚರ್ಚೆಗಿಂತ ಆ ಪದವನ್ನು ಬಳಸಿದ ಧಾರ್ಷ್ಟ್ಯದ ಚರ್ಚೆಯೇ ದೊಡ್ಡದಾಯಿತು. ಹಳ್ಳಿಯ ನೇರ ಮಾತನ್ನು ಕೊಂಡಾಡುತ್ತಿದ್ದ ನಾಡಿಗೆ ಒಬ್ಬ ದಲಿತ ನೇರವಾಗಿ ಮಾತಾಡಿದ್ದು ಸಹನೆಯಾಗಲಿಲ್ಲ.

ಎರಡು ವರ್ಷದ ಮೇಲೆ, 1975ರಲ್ಲಿ, ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ಅದರ ಬೈಗುಳದ ಬಗ್ಗೆ ಬಹಳ ಮಾತಾಡಿದ್ದಾರೆ. ನನಗೆ ಮುಖ್ಯವಾಗಿ ಕಾಣುವುದು ಅಲ್ಲಿ ‘ಲಾ’ ಎಂಬ ಕರೆಗೆ ಆದ ಗತಿ. ತಲೆಮಾರುಗಳಿಂದ ಮೇಲಿನಿಂದ ಕೆಳಕ್ಕೆ ಮಾತ್ರ ಬೀಳುತ್ತಿದ್ದ ಆ ‘ಲಾ’ವನ್ನು ಕೇರಿಯ ಕವಿ ಕೈಗೆತ್ತಿಕೊಂಡು ದಿಕ್ಕು ತಿರುಗಿಸಿದರು. ಅದನ್ನು ಕೇವಲ ಸಿಟ್ಟು ಎಂದು ಓದಿದವರು ವ್ಯಾಕರಣದಲ್ಲಿ ಆದ ಪಲ್ಲಟವನ್ನು ಗಮನಿಸಲಿಲ್ಲ. ದೇವನೂರ ಮಹಾದೇವರ ‘ಕುಸುಮಬಾಲೆ’ ಬಂದಾಗ ಬೇರೆ ಬಗೆಯ ದೂರು ಕೇಳಿಬಂತು: ಈ ಭಾಷೆ ಅರ್ಥವಾಗುವುದಿಲ್ಲ. ಶಿಷ್ಟ ಕನ್ನಡವನ್ನು ಕಷ್ಟಪಟ್ಟು ಕಲಿತು ಎಸ್‌ಎಸ್‌ಎಲ್‌ಸಿ ಪಾಸು ಮಾಡಿದ ನಮ್ಮ ಹುಡುಗರು ಎಂದೂ ಹೇಳದ ದೂರು ಇದು. ಒಬ್ಬರು ಇನ್ನೊಬ್ಬರ ಮಾತಿನ ಹತ್ತಿರ ಬರಬೇಕಾದಾಗ ಯಾರು ನಡೆದುಬರಬೇಕು ಎಂಬುದನ್ನೂ ಮರ್ಯಾದೆಯೇ ತೀರ್ಮಾನಿಸಿತ್ತು.

ಹಾಗಾದರೆ ದಲಿತ ವಿಮರ್ಶೆ ಮಾಡಬೇಕಾದ ಕೆಲಸ ಏನು? ನನಗೆ ತೋರುವುದು ಮೂರು.

ಮೊದಲನೆಯದು, ಯಾವುದೇ ಕಥೆ ಕಾದಂಬರಿ ಓದುವಾಗ ಯಾರಿಗೆ ‘ಅವನು’, ಯಾರಿಗೆ ‘ಅವರು’ ಸಿಕ್ಕಿದೆ ಎಂದು ಎಣಿಸಿ ನೋಡಬೇಕು. ಪಾತ್ರಗಳು ಪರಸ್ಪರ ಏನೆಂದು ಕರೆಯುತ್ತವೆ ಎಂಬುದಷ್ಟೇ ಅಲ್ಲ, ನಿರೂಪಕ ಅವರನ್ನು ಏನೆಂದು ಕರೆಯುತ್ತಾನೆ ಎಂಬುದನ್ನೂ. ಭೂಮಾಲೀಕನಿಗೆ ‘ರಾಯರು’, ‘ಗೌಡರು’ ಎಂದು ಬರೆದು ಅದೇ ವಾಕ್ಯದಲ್ಲಿ ಅವನಿಗಿಂತ ಹಿರಿಯನಾದ ಜೀತದಾಳಿಗೆ ‘ಬಂದನು, ಕೂತನು’ ಎನ್ನುವ ಪ್ರಗತಿಪರ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ವಿದ್ಯಾರ್ಥಿಗಳು ಒಂದು ಪೆನ್ಸಿಲು ಹಿಡಿದು ಕೂತರೆ ಒಂದು ಸಂಜೆಯಲ್ಲಿ ಮಾಡಬಹುದಾದ ಕೆಲಸ ಇದು.

ಎರಡನೆಯದು, ನಯವನ್ನು ಓದುವ ವಿದ್ಯೆ. ಬೈಗುಳವನ್ನು ಖಂಡಿಸುವುದು ನಮಗೆ ಗೊತ್ತು. ‘ನಮಗೇನೂ ಇಲ್ಲಪ್ಪ’ ಎಂಬುದನ್ನು ಖಂಡಿಸುವ ಭಾಷೆ ನಮ್ಮಲ್ಲಿ ಇನ್ನೂ ತಯಾರಾಗಿಲ್ಲ. ಪೇಟೆಯಲ್ಲಿ ಹುಟ್ಟಿದ ನಮ್ಮ ಮಕ್ಕಳ ತಲೆಮಾರು ಎದುರಿಸುತ್ತಿರುವುದು ಹೆಚ್ಚಾಗಿ ಇದನ್ನೇ. ಹಾಸ್ಟೆಲಿನಲ್ಲಿ ರ‍್ಯಾಂಕು ಕೇಳುವುದು, ಆಫೀಸಿನಲ್ಲಿ ‘ಯಾವ ಕೆಟಗರಿ’ ಎಂದು ನಗುತ್ತಾ ಕೇಳುವುದು, ಊಟದ ಡಬ್ಬಿ ತೆರೆದಾಗ ಮೆಲ್ಲಗೆ ಜಾಗ ಬದಲಾಯಿಸುವುದು. ಅವರು ಇವನ್ನು ಬರೆದಾಗ ‘ಇಲ್ಲಿ ದೌರ್ಜನ್ಯವೇ ಇಲ್ಲವಲ್ಲ, ಅನುಭವ ತೆಳು’ ಎಂದು ನಾವೇ ಹೇಳಿಬಿಡುವ ಅಪಾಯ ಇದೆ. ಕೇರಿಯ ಗಾಯವೊಂದೇ ಅಸಲಿ ಎಂಬ ತೀರ್ಪು ಕೊಟ್ಟರೆ ಆ ಮಕ್ಕಳು ತಮಗಾದದ್ದನ್ನು ಯಾರ ಮುಂದೆ ಹೇಳಬೇಕು?

ಮೂರನೆಯದು ನಮ್ಮೊಳಗಿನದು. ನಮ್ಮ ಸಭೆಗಳಲ್ಲಿ ನಾಯಕರು ‘ಸಾರ್’, ‘ಅಣ್ಣ’ ಆಗಿದ್ದಾರೆ. ಕರಪತ್ರ ಹಂಚುವ ಹುಡುಗ ಏಕವಚನದಲ್ಲೇ ಉಳಿದಿದ್ದಾನೆ. ಇಪ್ಪತ್ತು ವರ್ಷ ಚಳವಳಿಯಲ್ಲಿ ದುಡಿದ ಹೆಣ್ಣುಮಗಳನ್ನು ವೇದಿಕೆಯಿಂದ ‘ಏ ಬಾಮ್ಮ ಇಲ್ಲಿ’ ಎಂದು ಕರೆಯುತ್ತಾರೆ. ಅವಳು ತಿರುಗಿ ಹಾಗೆ ಕರೆಯುವಂತಿಲ್ಲ. ಊರಿನ ಏಕವಚನವನ್ನು ವಿರೋಧಿಸುತ್ತಾ ಅದನ್ನೇ ಶಾಮಿಯಾನದ ಕೆಳಗೆ ತಂದಿಟ್ಟುಕೊಂಡಿದ್ದೇವೆ.

ಎಲ್ಲರೂ ಎಲ್ಲರಿಗೂ ‘ತಾವು’ ಅನ್ನಬೇಕು ಎಂಬುದು ನನ್ನ ವಾದವಲ್ಲ. ಹಾಗೆ ಮಾಡಿದರೆ ಕೇರಿಯ ‘ನೀನು’ವಿನಲ್ಲಿದ್ದ ಬಿಸಿ ಹೋಗಿ ಕಚೇರಿಯ ಪತ್ರವ್ಯವಹಾರ ಉಳಿಯುತ್ತದೆ. ನಾನು ಕೇಳುತ್ತಿರುವುದು ಒಂದೇ ಪರೀಕ್ಷೆ: ಈ ಮಾತು ಎದುರಿನವರ ಬಾಯಿಂದ ನನಗೆ ಹಾಗೆಯೇ ವಾಪಸು ಬರಬಹುದೇ? ಬರಬಹುದಾದರೆ ‘ನೀನು’ ಆದರೂ ಸರಿ, ‘ನೀವು’ ಆದರೂ ಸರಿ, ಬೈಗುಳವಾದರೂ ಸರಿಯೇ. ‘ಅಡ್ಡಬಿದ್ದೆ ಬುದ್ದಿ’ ಎಂದರೆ ಮೇಲಿನಿಂದ ಬರುತ್ತಿದ್ದದ್ದು ಒಂದು ‘ಹೂಂ’. ‘ಜೈಭೀಮ್’ ಅಂದರೆ ಎದುರಿನವರು ‘ಜೈಭೀಮ್’ ಅನ್ನಲೇಬೇಕು, ಬೇರೆ ಉತ್ತರವೇ ಇಲ್ಲ. ನಮ್ಮ ಚಳವಳಿ ಕಂಡುಕೊಂಡ ಈ ಕರೆಯಲ್ಲಿ ಯಾರು ಮೊದಲು ಹೇಳಿದರು ಎಂಬುದರ ಮೇಲೆ ಏನೂ ನಿಂತಿಲ್ಲ. ನಮ್ಮ ವಿಮರ್ಶೆಯ ಮಾತೂ ಹಾಗಿರಲಿ ಎಂಬುದು ನನ್ನ ಆಸೆ. ಈ ಲೇಖನವನ್ನೂ ಓದುಗರು ಅಷ್ಟೇ ನೇರವಾಗಿ ಜಗ್ಗಾಡಬೇಕು.